ಭಾನುವಾರದ ಹಳ್ಳಗಳು

"ಪೆನ್ನು ಕೆಳಗಿಡು ಶೋನಾಕ್. ಇವತ್ತು ಭಾನುವಾರ."

ಅತ್ತೆಯ ಮಾತಿಗೆ ಶೋನಾಕಳಿಗೆ ಮೈಯೆಲ್ಲ ಉರಿದುಹೋಯಿತು. ಲೂಯಿಸ್ ದ್ವೀಪದ ಹಳ್ಳ-ಕೆರೆಗಳಿಗೆ ಗೇಲಿಕ್ ಭಾಷೆಯಲ್ಲಿದ್ದ ಹಳೆಯ ಹೆಸರುಗಳ ನಕ್ಷೆ ನಾಳೆ ಅಚ್ಚಿಗೆ ಹೋಗಬೇಕು. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಈ ಬಯಲಿನ ದಾರಿ ತುಳಿದವರಲ್ಲಿ ಉಳಿದಿರುವವಳು ಈ ಅತ್ತೆ, ಅಪ್ಪನ ಅಕ್ಕ ದೊಲೀನಾ ಒಬ್ಬಳೇ. ಅವಳಿಗೋ ಈಚೆಗೆ ಮರೆವು. ವಾರವಿಡೀ ನಕ್ಷೆ ಹರಡಿ ಕೇಳಿದರೆ ಪ್ರತಿ ನೀಲಿ ಗೆರೆಗೂ ಒಂದೇ ಉತ್ತರ: "ಹಳ್ಳ ಕಣೇ. ಹಳ್ಳಕ್ಕೆ ಹಳ್ಳ ಅನ್ನದೆ ಇನ್ನೇನಂತಾರೆ?"

ಇವತ್ತು ಚರ್ಚಿನಲ್ಲಿ ಕೀರ್ತನೆ ಹಾಡಿ ಬಂದು, ನಿನ್ನೆಯೇ ಮಾಡಿಟ್ಟಿದ್ದ ಮಾಂಸದ ಸಾರು ಕುಡಿಯುತ್ತ ಕೂತಾಗ ಅತ್ತೆಯ ಬಾಯಿಂದ ಹೆಸರುಗಳು ತಾವಾಗಿಯೇ ಬರತೊಡಗಿದ್ದವು. ಆದರೆ ಬರೆಯುವುದು ಕೆಲಸ. ಭಾನುವಾರ ದೇವರ ದಿನ, ಈ ಮನೆಯಲ್ಲಿ ಅವತ್ತು ತಟ್ಟೆ ಕೂಡ ತೊಳೆಯುವುದಿಲ್ಲ.

"ಫೋನಲ್ಲಿ ಹಿಡ್ಕೊಳ್ಲಾ ಅತ್ತೆ? ಒಂದು ಬೆರಳು ಒತ್ತೋದು, ಅಷ್ಟೇ."

"ಒತ್ತು. ನನ್ನ ಬಾಯಿ ಮುಚ್ತು ಅಂತ ತಿಳ್ಕೋ."

"ನಾಳೆ ನಿಂಗೆ ನೆನಪಿರಲ್ವಲ್ಲ!"

"ಅದಕ್ಕೇ ಈಗ ಹೇಳ್ತಿರೋದು. ಚರ್ಚಲ್ಲಿ ಹಾಡಲ್ವಾ, ಹಾಗೆ. ನಾನು ಮುಂದೆ ಹೇಳ್ತೀನಿ, ನೀನು ಹಿಂದೆ ಹೇಳು."

ಮುದುಕಿ ಕಣ್ಣು ಮುಚ್ಚಿ ಕೂತಲ್ಲಿಂದಲೇ ಆ ಹಳೆಯ ದಾರಿಯಲ್ಲಿ ಹೊರಟಳು. "ಆಲ್ಟ್ ನನ್ ಗೋವರ್." ಮೇಕೆಗಳ ಹಳ್ಳ. ಶೋನಾಕ್ ಹಿಂದೆ ಹೇಳಿದಳು. "ಲಾಖ್ ನ ಹ್ಯಾಲ." ಹಂಸದ ಕೆರೆ. ಅದನ್ನೂ ಹೇಳಿದಳು. "ಇಲ್ಲಿ ಕಾಲಿಡಬೇಡ, ಹುದುಲು!" ಎಂದು ಅತ್ತೆ ನಡುವೆ ಗದರಿದಳು. ಎರಡನೆಯ ಗುಡ್ಡ ಹತ್ತುವಷ್ಟರಲ್ಲಿ, ಶೋನಾಕಳ ತಲೆಯೊಳಗೆ ಹೊಸ ಹೆಸರೊಂದು ಬಂದರೆ ಹಳೆಯದೊಂದು ಜಾರುತ್ತಿತ್ತು. ನಿಲ್ಲಿಸು ಎನ್ನಲು ಧೈರ್ಯವಾಗಲಿಲ್ಲ, ನಿಂತರೆ ಮತ್ತೆ ಹೊರಡುತ್ತಾಳೆಂಬ ನಂಬಿಕೆಯಿಲ್ಲ. ಶೋನಾಕ್ ಭಾನುವಾರವನ್ನೇ ಮನಸ್ಸಿನಲ್ಲೇ ಶಪಿಸಿದಳು, ಬಾಯಲ್ಲಿ ಮಾತ್ರ ಹೆಸರು ಹೇಳುತ್ತಲೇ ಹೋದಳು.

ಕೊನೆಯ ಕೆರೆ ಮುಟ್ಟಿ ಅತ್ತೆ ಕಣ್ಣು ಬಿಟ್ಟಳು. "ಎಲ್ಲಾ ಬಂತಾ?"

ಅರ್ಧವೂ ಬಂದಿರಲಿಲ್ಲ. "ಇನ್ನೊಂದ್ಸಲ ಹೇಳು" ಎನ್ನಬೇಕೆಂದು ನೋಡಿದರೆ, ಮುದುಕಿಯ ಮುಖ ಬೆವೆತು, ತುಟಿ ಒಣಗಿ ಹೋಗಿತ್ತು.

"ಬಂತು ಅತ್ತೆ."

"ಸದ್ಯ. ಅಮ್ಮ ನಂಗೆ ಒಪ್ಪಿಸಿದ್ದು ಕಣೇ ಅದು. ಇನ್ನು ನಾನು ಮರೆತ್ರೂ ಚಿಂತೆ ಇಲ್ಲ."

ಅಷ್ಟು ಹೇಳಿ ಅವಳು ಕುರ್ಚಿಯಲ್ಲೇ ನಿದ್ದೆಹೋದಳು. ಶೋನಾಕ್ ಎಂಜಲು ತಟ್ಟೆಗಳ ಮುಂದೆ ಕೂತು, ಕಿಟಕಿಯಾಚೆಯ ಬಯಲನ್ನು ನೋಡುತ್ತ ಮೊದಲಿಂದ ಹೇಳಿಕೊಳ್ಳತೊಡಗಿದಳು. ಮೊದಲ ಗುಡ್ಡದ ಕೆಳಗೆ ಒಂದು ಸಣ್ಣ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಹೆಸರು ನೆನಪಾಗದೆ ಅವಳ ತುಟಿ ಅಲ್ಲಿಗೆ ಬಂದು ನಿಂತಿತು.