ನಾಗಿ ವೇಷ

"ಈ ಸಲ ಕರಡಿ ನಂಗೆ ಬೇಡ."

ಮಾತು ಬಂದದ್ದು ಶನಿಯಾರನ ಬಾಯಿಂದ ಎಂದು ತಿಳಿದು, ಬಲೆ ಚಪ್ಪರದಡಿ ಕೂತವರೆಲ್ಲ ಕತ್ತೆತ್ತಿದರು. ಹೋಳಿಯ ಹಗರಣದ ಮೆರವಣಿಗೆಗೆ ವೇಷ ಹಂಚುತ್ತಿದ್ದ ಮಂಜ ಬೀಡಿಯನ್ನು ಬಾಯಿಂದ ತೆಗೆದ. ಪೊಲೀಸ, ಡಾಕ್ಟರು, ಹುಲಿ, ರಾಕ್ಷಸ ಎಲ್ಲ ಆಗಲೇ ಖರ್ಚಾಗಿದ್ದವು. ಓಂ ಬೀಚಿನ ಹಿಪ್ಪಿಯಾಗಲು ಹುಡುಗರಲ್ಲಿ ಹೊಡೆದಾಟವೇ ನಡೆದು, ಕೂದಲು ಉದ್ದ ಬಿಟ್ಟವನಿಗೆ ಅದು ಸಿಕ್ಕಿತ್ತು. ಕರಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಶನಿಯಾರನ ಹಣೆಯಲ್ಲೇ ಬರೆದದ್ದು. ಆಳು ದೊಡ್ಡವ, ಬಾಯಿ ಸಣ್ಣದು, ಕರಡಿಗೆ ಮಾತಿಲ್ಲವಲ್ಲ!

"ಮತ್ತೆಂತ ಆಗೂಕೆ ನಿಂಗೆ?"

"ನಾಗಿ."

"ಯಾವ ನಾಗಿ ಮಾರಾಯ?"

"ನಮ್ಮನೆ ನಾಗಿ."

ಚಪ್ಪರ ಹಾರಿಹೋಗುವಂತೆ ನಕ್ಕರು. ಶನಿಯಾರನ ಹೆಂಡತಿ ನಾಗಿ ಮೀನು ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಹೊರಟರೆ ಮೊದಲು ದನಿ ಬರುತ್ತದೆ, ಆಮೇಲೆ ಅವಳು.

"ಅವ್ಳ ಮಾತಾಡೂಕೆ ನಿನ್ ಬಾಯಿ ಸಾಕಾತದ್ಯೋ?" ಮಂಜ ಕಣ್ಣೊರೆಸಿಕೊಂಡ. "ಆತು, ಹಾಕು. ಪೇಟೆ ಮಧ್ಯ ಬಾಯಿ ಕಟ್ತು ಅಂದ್ರೆ ಸಾಯೂವರೆಗೂ ಕರಡಿಯೇ, ನೋಡ್ಕೊ."

ಶನಿಯಾರನಿಗೆ ತನ್ನ ಮಾತು ಬರದಿದ್ದರೂ ನಾಗಿಯದು ಪೂರಾ ಬಾಯಿಪಾಠ. ಅದರಲ್ಲಿ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಒಮ್ಮೆ ಅವಳು ಮರೆತುಹೋದ ಎಲೆಯಡಿಕೆ ಚೀಲ ಕೊಡಲು ಹಿಂದೆ ಹೋದವನು, ಯಾರದೋ ಮನೆ ಬೇಲಿಯಾಚೆ ಅವಳ ದನಿ ಕೇಳಿ ನಿಂತಿದ್ದ. "ನಮ್ಮನೆಯವ್ರು ದೋಣಿ ಮೇಲೆ ಹೋದ್ರೆ ತಿರ್ಗಿ ಬರೂವರೆಗೂ ನಂಗೆ ಗಂಟ್ಲಲ್ಲಿ ನೀರು ಇಳಿಯೂದಿಲ್ಲ ಅಮ್ಮ. ಆ ಮೀನಿಗೆ ಚೌಕಾಸಿ ಮಾಡೂದಾ?" ಆ ಅಮ್ಮ ನಾಗಿ ಕೇಳಿದಷ್ಟು ದುಡ್ಡು ಕೊಟ್ಟಿದ್ದಳು. ಮನೆಯಲ್ಲಿ ನಾಗಿ ಗಂಡನಿಗೆ ಹೇಳುವುದು "ಕಾಲು ತೊಳ್ಕಂಡು ಬನ್ನಿ" ಎಂಬುದೊಂದೇ. ಬೇಲಿಯಾಚೆ ಕೇಳಿದ್ದು ನಿಜವೋ, ವ್ಯಾಪಾರದ ಮಾತೋ? ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಕೊನೆಗೆ "ಅನ್ನ ಹಾಕು" ಎಂದಿದ್ದ.

ಹುಣ್ಣಿಮೆಯ ಸಂಜೆ ಸೀರೆ ಕೊಟ್ಟವಳೂ ನಾಗಿ, ಉಡಿಸಿದವಳೂ ನಾಗಿ. "ನನ್ ಹೆಸ್ರು ಕೆಡಿಸ್ಬೇಡಿ ಮತ್ತೆ" ಎಂದು ಸೆರಗು ಬಿಗಿದಳು.

ಪೇಟೆ ಬೀದಿಯಲ್ಲಿ ಗುಮಟೆಯ ಬಡಿತದ ನಡುವೆ ಹಿಪ್ಪಿ ಕುಣಿದ, ಪೊಲೀಸ ಅವನನ್ನು ಹಿಡಿದ. ಶನಿಯಾರ ಮುಂದೆ ಬಂದ. ತಲೆಯ ಮೇಲಿನ ಬುಟ್ಟಿಯಲ್ಲಿ ಮೀನಿನ ಬದಲು ಹಲಸಿನೆಲೆ. ಜನ ಸುತ್ತುಗಟ್ಟಿದರು, ಗುಮಟೆ ನಿಂತಿತು. ಅವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು.

"ಸೀರೆ ಉಟ್ಟ ಕರಡಿ!" ಹಿಂದಿನಿಂದ ಯಾರೋ ಕೂಗಿದರು. ಅವನಿಗೆ ಅಳು ಬರುವುದೊಂದೇ ಬಾಕಿ.

"ಏ ನಾಗಿ, ಬಂಗ್ಡೆ ಹೆಂಗೇ?"

ಜನ ಸರಿದರು. ಸೊಂಟಕ್ಕೆ ಕೈಕೊಟ್ಟು ನಾಗಿಯೇ ನಿಂತಿದ್ದಳು. ಗಂಡನ ಹೆಸರನ್ನು ಎಂದೂ ನಾಲಿಗೆಗೆ ತಾರದವಳು ತನ್ನ ಹೆಸರು ಹಿಡಿದು ಅವನನ್ನು ಕೂಗಿದ್ದಳು.

ಅವನ ಬಾಯಿ ತನ್ನಷ್ಟಕ್ಕೆ ತೆರೆಯಿತು. "ರೂಪಾಯಿಗೆ ನಾಲ್ಕು. ಮೊದ್ಲು ಬುಟ್ಟಿಗೆ ಕೈ ಕೊಡೇ, ನೋಡ್ತಾ ನಿಂತ್ರೆ ಇಳಿತದ್ಯಾ?"

ನಾಗಿ ಕೈ ಕೊಟ್ಟು ಬುಟ್ಟಿ ಇಳಿಸಿದಳು. "ನಾಲ್ಕಾ? ಆರು ಕೊಡು. ಹಳೇ ಮೀನು, ಕಣ್ಣು ಒಳಗೆ ಹೋಗ್ಯದೆ."

"ಕಣ್ಣು ಹೋದದ್ದು ಮೀನಿಂದು ಅಲ್ಲ, ನಿಂದು!"

ಬೀದಿ ಬಿದ್ದು ಬಿದ್ದು ನಕ್ಕಿತು. ಶನಿಯಾರನಿಗೆ ಇಂಥ ಖುಷಿ ಗೊತ್ತೇ ಇರಲಿಲ್ಲ. ಅದೇ ಧೈರ್ಯದಲ್ಲಿ ಆ ಮಾತೂ ಹೊರಬಿತ್ತು. "ನಮ್ಮನೆಯವ್ರು ದೋಣಿ ಮೇಲೆ ಹೋದ್ರೆ ತಿರ್ಗಿ ಬರೂವರೆಗೂ ನಂಗೆ ಗಂಟ್ಲಲ್ಲಿ ನೀರು ಇಳಿಯೂದಿಲ್ಲ. ಸುಳ್ಳು ಅಂತ್ಯಾ? ನೀನೇ ಹೇಳೇ!"

ಜನ ಇನ್ನೂ ನಗುತ್ತಿದ್ದರು. ನಾಗಿ ನಗಲಿಲ್ಲ. ಅವಳು ಬಗ್ಗಿ ಬುಟ್ಟಿಯಿಂದ ನಾಲ್ಕು ಎಲೆ ಆರಿಸಿ ಸೆರಗಿಗೆ ಹಾಕಿಕೊಂಡಳು.

"ಆತು. ನಾಲ್ಕೇ ಸಾಕು" ಎಂದು ಗುಂಪಿನೊಳಗೆ ಸರಿದಳು.

ಅದೇ ರಾತ್ರಿ ಕಡಲಿಗೆ ಹೋದ ದೋಣಿ ಮಾರನೆಯ ಬೆಳಿಗ್ಗೆ ದಡಕ್ಕೆ ತಾಗಿದಾಗ ಬುಟ್ಟಿ ಹಿಡಿದ ಹೆಂಗಸರ ನಡುವೆ ನಾಗಿ ನಿಂತಿದ್ದಳು. ಕೈಯಲ್ಲಿ ತುಂಬಿದ ತಂಬಿಗೆ. ಶನಿಯಾರ ಮೊಣಕಾಲುದ್ದ ನೀರಿಗೆ ಇಳಿದು ಅವಳತ್ತ ನೋಡಿದ.

"ಎಂತ ನೋಡೂದು?" ಎಂದವಳು ತಂಬಿಗೆ ಎತ್ತಿ, ಅವನೆದುರೇ ಗಟಗಟ ನೀರು ಕುಡಿದಳು.