ಕಿರಂಗೂರಿನ ಏಳನೆಯವಳು

ಕೆ.ಆರ್. ಪೇಟೆಯ ಪಂದ್ಯಾವಳಿಗೆ ಇನ್ನು ನಾಲ್ಕೇ ದಿನ ಎನ್ನುವಾಗ ದಿವ್ಯ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತ ಕಾಲು ಉಳುಕಿಸಿಕೊಂಡಳು. ಕಿರಂಗೂರಿನ ಹೆಣ್ಣುಮಕ್ಕಳ ಕಬಡ್ಡಿ ತಂಡದಲ್ಲಿ ಅವಳೂ ಸೇರಿ ಇದ್ದದ್ದೇ ಏಳು ಜನ. ಒಬ್ಬರು ಕಡಿಮೆಯಾದರೂ ತಂಡದ ಹೆಸರು ಬರೆದುಕೊಳ್ಳುವುದಿಲ್ಲವೆಂದು ಪಂದ್ಯಾವಳಿಯವರು ಮೊದಲೇ ಹೇಳಿಬಿಟ್ಟಿದ್ದರು. ತಂಡ ಕಟ್ಟಿದವನು ನಿಂಗರಾಜು, ಕಬ್ಬಿನ ಲಾರಿ ಓಡಿಸುವವನು. ಅವನು ಇಡೀ ಊರು ಸುತ್ತಿದ. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಅಪ್ಪನ ಒಪ್ಪಿಗೆಯಿಲ್ಲ. ಸಂಜೆ ಹೊತ್ತಿಗೆ ಸೋತುಹೋಗಿ ತನ್ನ ಮನೆಯ ಕೊಟ್ಟಿಗೆಯ ಬಾಗಿಲಲ್ಲೇ ಬಂದು ನಿಂತ. ಒಳಗೆ ಅವನ ಅಣ್ಣನ ಹೆಂಡತಿ ಶ್ವೇತ ಹಾಲು ಕರೆಯುತ್ತಿದ್ದಳು.

ಶ್ವೇತಳ ತವರು ಕಿಕ್ಕೇರಿ. ಮದುವೆಗೆ ಮುಂಚೆ ಅವಳು ಅಲ್ಲಿನ ತಂಡದಲ್ಲಿ ಆಡಿದವಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ನೆನೆಯದಿದ್ದ ಸಂಗತಿ. ಈಗ ಅವಳಿಗೆ ಮೂವತ್ತನಾಲ್ಕು, ಶಾಲೆಗೆ ಹೋಗುವ ಎರಡು ಮಕ್ಕಳು. ಮೈದುನ ಬಂದು ಕೇಳಿದ್ದಕ್ಕೆ ನಗುವೇ ಬಂತು. ಹನ್ನೊಂದು ವರ್ಷದಿಂದ ಮೈದಾನ ಮುಟ್ಟಿಲ್ಲ, ಜನ ನೋಡಿ ಆಡಿಕೊಂಡಾರು ಎಂದು ತಲೆಯಾಡಿಸಿ ಬಿಂದಿಗೆ ಎತ್ತಿಕೊಂಡಳು.

ಅತ್ತೆ ಚಿಕ್ಕಬೋರಮ್ಮ ಅಲ್ಲೇ ಸಗಣಿ ಬಾಚುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನಿಂತಳು. "ಆಟಗಾರ್ತಿ ಅಂತ ಮದ್ವೆ ಮಾತ್ಕತೆ ದಿನವೇ ನಿಮ್ಮಪ್ಪ ಯೋಳಿದ್ರು ಕಣಮ್ಮಿ. ಆಡ್ತೀಯ ಅಂತ ನಾವ್ಯಾರೂ ಕೇಳ್ಳಿಲ್ಲ. ಓಗು. ನಾಕ್ ದಿನ ಹಾಲು ನಾನ್ ಕರೀತೀನಿ."

ಶ್ವೇತ ಬಿಂದಿಗೆಯನ್ನು ಅತ್ತೆಯ ಕೈಗೆ ಕೊಟ್ಟಳು. ಮಾರನೆಯ ದಿನದಿಂದಲೇ ಶಾಲೆಯ ಹಿಂದಿನ ಬಯಲಿಗೆ ಹೋದಳು. ಮೊದಲ ದಿನ ಮೊಣಕಾಲು ತರಚಿ ರಕ್ತ ಬಂತು. ಎರಡನೆಯ ದಿನ ರೈಡಿಗೆ ಹೋದರೆ ಅರ್ಧದಲ್ಲೇ ಉಸಿರು ನಿಂತಿತು. ಮೂರನೆಯ ದಿನ ಮೂಲೆಯಲ್ಲಿ ನಿಂತು, ನುಗ್ಗಿ ಬಂದ ಹುಡುಗಿಯ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕೆಡವಿದಾಗ, ಅಷ್ಟು ವರ್ಷ ಎಲ್ಲಿತ್ತೋ ಆ ಪಟ್ಟು ಎಂದು ಅವಳಿಗೇ ಆಶ್ಚರ್ಯವಾಯಿತು.

ಭಾನುವಾರ ಎಂಟು ತಂಡಗಳು ಸೇರಿದ್ದವು. ಕಿರಂಗೂರಿನವರು ಮೊದಲ ಪಂದ್ಯದಲ್ಲಿ ಪಾಂಡವಪುರದವರನ್ನು ಸುಲಭವಾಗಿಯೇ ಸೋಲಿಸಿದರು. ಸೆಮಿಫೈನಲ್ಲಿಗೆ ಎದುರಾಳಿ ಯಾರೆಂದು ಮೈಕಿನಲ್ಲಿ ಕೂಗಿದಾಗ ಶ್ವೇತ ಥಟ್ಟನೆ ತಿರುಗಿ ನೋಡಿದಳು. ಕಿಕ್ಕೇರಿ. ಆ ತಂಡದ ಬೆಂಚಿನ ತುದಿಯಲ್ಲಿ, ಬಿಳಿ ಪಂಚೆಯುಟ್ಟು ಮರಿಯಯ್ಯ ಕೂತಿದ್ದರು.

ಮರಿಯಯ್ಯ ಕಿಕ್ಕೇರಿ ಬಸ್ ಸ್ಟ್ಯಾಂಡಿನ ದರ್ಜಿ. ಪಾಠ ಹೇಳುವವರಲ್ಲದಿದ್ದರೂ ಹುಡುಗಿಯರೆಲ್ಲ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಶ್ವೇತಳಿಗೆ ಹದಿನಾಲ್ಕು ವರ್ಷವಿದ್ದಾಗಿನಿಂದ ಆಟ ಕಲಿಸಿದವರು, ಅಂಗಿಯ ಬೆನ್ನಿಗೆ ನಂಬರನ್ನು ತಾವೇ ಹೊಲಿದುಕೊಟ್ಟವರು. ಅವಳ ಮದುವೆಯ ಚಪ್ಪರ ಹಾಕಿದ ದಿನವೇ ಮಂಡ್ಯದಲ್ಲಿ ಜಿಲ್ಲಾ ಸೆಮಿಫೈನಲ್ ಇತ್ತು. ಬರಲಾಗುವುದಿಲ್ಲವೆಂದು ಮುಖಾಮುಖಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದ್ದಳು, ಅದೂ ಹಿಂದಿನ ದಿನ. ತಂಡ ಆರೇ ಜನರಿಂದ ಆಡಿ ಸೋತು ಬಂತೆಂದು ಆಮೇಲೆ ಕೇಳಿದಳು. ಅಂದಿನಿಂದ ತವರಿಗೆ ಹೋದಾಗಲೆಲ್ಲ ಆ ಅಂಗಡಿ ತಪ್ಪಿಸಿ ಹಿಂದಿನ ಬೀದಿಯಲ್ಲೇ ಮನೆ ಸೇರುತ್ತಿದ್ದಳು.

ಈಗ ತಪ್ಪಿಸಿಕೊಳ್ಳಲು ಬೀದಿಯಿರಲಿಲ್ಲ. ತಲೆಗೂದಲು ಬಿಗಿದು ಕಟ್ಟಿಕೊಂಡು ಅವಳು ಮ್ಯಾಟಿಗೆ ಇಳಿಯುವಾಗ ಮರಿಯಯ್ಯ ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆ ನೋಟ ಸಿಟ್ಟಿನದೋ ಗುರುತು ಸಿಗದ್ದೋ ಅವಳಿಗೆ ತಿಳಿಯಲಿಲ್ಲ.

ಮೊದಲರ್ಧ ಕೆಟ್ಟದಾಗಿ ಹೋಯಿತು. ಕಿಕ್ಕೇರಿಯಲ್ಲಿ ಅಕ್ಷಿತಾ ಎಂಬ ಹದಿನೇಳರ ಹುಡುಗಿಯಿದ್ದಳು. ಮೀನಿನ ಹಾಗೆ ಕೈಗೆ ಸಿಗದೆ ಜಾರುತ್ತಿದ್ದಳು. ಕಿರಂಗೂರು ಐದು ಪಾಯಿಂಟು ಹಿಂದೆ ಬಿತ್ತು. ವಿರಾಮದಲ್ಲಿ ನಿಂಗರಾಜು ಅತ್ತಿಗೆಯನ್ನು ಎಡಮೂಲೆಯಿಂದ ಬಲಮೂಲೆಗೆ ಹಾಕಿದ. ಅಲ್ಲಿಂದ ಆಟ ತಿರುಗಿತು. ಶ್ವೇತ ಹಿಮ್ಮಡಿ ಹಿಡಿದು ಮೂವರನ್ನು ಕೆಡವಿದಳು. ಮೂರನೆಯವಳು ಅಕ್ಷಿತಾಳೇ, ಆದರೆ ಅವಳ ತಂಡದವರು ಪಾಯಿಂಟು ಗಳಿಸಿ ಅವಳನ್ನು ಮತ್ತೆ ಒಳಗೆ ತಂದರು. ಕೊನೆಯ ನಿಮಿಷಕ್ಕೆ ಎರಡೂ ಕಡೆ ಇಪ್ಪತ್ತಮೂರು.

ಉಳಿದದ್ದು ಒಂದೇ ರೈಡು, ಅದೂ ಕಿರಂಗೂರಿನದು. ರೈಡಿಗೆ ಹೋಗುತ್ತಿದ್ದ ಇಬ್ಬರೂ ಔಟಾಗಿ ಹೊರಗೆ ಕೂತಿದ್ದರು. ಶ್ವೇತಳೇ ಹೋಗಬೇಕಾಯಿತು. ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಹೋದಳು. ಎಡಕ್ಕೆ ಹೋಗುವಂತೆ ಮೈ ಬಾಗಿಸಿ ಬಲಕ್ಕೆ ಕೈ ಬೀಸಿದಳು. ಅಕ್ಷಿತಾ ಹಿಂದಕ್ಕೆ ನೆಗೆದಳು. ಕೈಗೆ ಗಾಳಿ ಸಿಕ್ಕಿದಂತಾಯಿತು, ಅಷ್ಟೆ. ಉಸಿರು ಮುಗಿಯುತ್ತ ಬಂದಿತ್ತು. ತಿರುಗಿ ಗೆರೆ ದಾಟಿ ಬಿದ್ದಳು.

ರೆಫರಿ ಪಾಯಿಂಟಿಲ್ಲವೆಂದು ಕೈ ಬೀಸಿದರು. ಜನ ಗದ್ದಲವೆಬ್ಬಿಸಿದರು. ನಿಂಗರಾಜು ಜಗಳಕ್ಕೇ ಮುಂದೆ ಬಂದ. ಶ್ವೇತ ಅವನ ತೋಳು ಹಿಡಿದು ನಿಲ್ಲಿಸಿದಳು. ತಾಗಿತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಹೇಗೆ ವಾದಿಸುವುದು.

ಆಗ ಅಕ್ಷಿತಾ ಕೈ ಎತ್ತಿಕೊಂಡು ಮ್ಯಾಟಿನಿಂದ ಹೊರಗೆ ನಡೆದಳು.

"ತಗುಲ್ತು ಸಾರ್," ಎಂದಳು ರೆಫರಿಗೆ, ಮೊಣಕೈ ತೋರಿಸಿ. "ಇಲ್ಲಿ. ಉಗುರು ತಗುಲ್ತು."

ಅವಳ ಜೊತೆಯವರು ಬಾಯಿ ಬಿಟ್ಟುಕೊಂಡು ನಿಂತರು. ಒಬ್ಬಳು ಅಳುವುದಕ್ಕೇ ಶುರುಮಾಡಿದಳು. ಇಪ್ಪತ್ತನಾಲ್ಕು, ಇಪ್ಪತ್ತಮೂರು ಎಂದು ಮೈಕು ಕೂಗಿತು. ಕಿರಂಗೂರಿನ ಹುಡುಗಿಯರು ಶ್ವೇತಳನ್ನು ಎತ್ತಿಕೊಂಡು ಕುಣಿದರು. ಅವಳ ಕಣ್ಣು ಮಾತ್ರ ಆ ಬೆಂಚಿನ ಮೇಲೇ ಇತ್ತು. ಅಕ್ಷಿತಾ ಬಂದು ಪಕ್ಕದಲ್ಲಿ ಕೂತಾಗ ಮರಿಯಯ್ಯ ಗದರಲಿಲ್ಲ, ಹೊಗಳಲೂ ಇಲ್ಲ. ಹೆಗಲಿನ ಟವೆಲ್ಲು ತೆಗೆದು ಅವಳ ಕೈಗೆ ಕೊಟ್ಟರು.

ಹುಡುಗಿಯರ ಕೈ ಬಿಡಿಸಿಕೊಂಡು ಶ್ವೇತ ಅಲ್ಲಿಗೆ ಹೋದಳು. ಹನ್ನೊಂದು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಮೇಷ್ಟ್ರೇ, ಅವತ್ತು ನಾನು ಬಂದು ಯೋಳ್ಬೇಕಿತ್ತು," ಎಂದಳು.

"ಊಂ, ಯೋಳ್ಬೇಕಿತ್ತು," ಎಂದರು ಮರಿಯಯ್ಯ. "ಮೂರ್ ದಿನ ಸಿಟ್ಟಿತ್ತು ಕಣವ್ವ. ನಾಕ್ನೇ ದಿನ ಇನ್ನೊಬ್ಳು ಹುಡ್ಗಿ ಆಡ್ತೀನಿ ಅಂತ ಬಂದ್ಲು, ಅವ್ಳ್ಗೆ ಕಲ್ಸೋದ್ರಲ್ಲಿ ಸಿಟ್ಟು ಎಲ್ ಓಯ್ತೋ ಗೊತ್ತಾಗ್ನಿಲ್ಲ. ನಿನ್ ಕಾಲ್ಪಟ್ಟು ನೋಡ್ದೆ. ಬಂದ್ ಹುಡ್ಗೀರ್ಗೆಲ್ಲ ಅದ್ನೇ ಯೋಳ್ಕೊಡ್ತಾ ಇದ್ದೀನಿ, ಇವ್ರಿಗಿನ್ನೂ ಬಂದಿಲ್ಲ."

ಶ್ವೇತ ಬಗ್ಗಿ ಅವರ ಕಾಲು ಮುಟ್ಟಿದಳು. ಏಳುವಾಗ ಅಕ್ಷಿತಾಳ ಮುಖ ನೋಡಿದಳು. ಹುಡುಗಿಯ ಕಣ್ಣು ಕೆಂಪಾಗಿತ್ತು. ಅವಳ ತಲೆ ಸವರಿದಳು. ಹುಡುಗಿ ತನ್ನ ಮೊಣಕಾಲಿನ ಕ್ಯಾಪು ಬಿಚ್ಚಿ, ಅಕ್ಕನ ಗಾಯಕ್ಕೆ ಬೇಕಾದೀತು, ಫೈನಲ್ಲಿಗೆ ಹಾಕಿಕೊಳ್ಳಲಿ ಎಂದು ಕೊಟ್ಟಳು.

ಫೈನಲ್ಲಿನಲ್ಲಿ ನಾಗಮಂಗಲದವರು ಕಿರಂಗೂರಿನವರನ್ನು ಹತ್ತೊಂಬತ್ತು ಪಾಯಿಂಟಿನಿಂದ ಸೋಲಿಸಿದರು. ಅದರಲ್ಲಿ ಹೇಳುವಂಥದ್ದೇನಿಲ್ಲ, ಅವರ ಕಾಲಿನ ವೇಗಕ್ಕೆ ಇವರು ಸಾಟಿಯೇ ಆಗಲಿಲ್ಲ. ಹೇಳುವಂಥದ್ದೆಂದರೆ, ಕಿಕ್ಕೇರಿಯ ಹುಡುಗಿಯರು ಊರಿಗೆ ಹೊರಡದೆ ಕಿರಂಗೂರಿನ ಕಡೆಯೇ ಕೂತು, ಸೋಲು ಖಾತ್ರಿಯಾದ ಮೇಲೂ ಕೊನೆಯ ಸೀಟಿಯವರೆಗೆ ಇವರ ಹೆಸರು ಹಿಡಿದು ಕೂಗಿದ್ದು. ತವರಿನ ಕಡೆಯ ಆ ದನಿ ಬೆನ್ನ ಹಿಂದೆ ಕೇಳುತ್ತಿದ್ದಷ್ಟು ಹೊತ್ತು ಶ್ವೇತಳಿಗೆ ಸೋಲುತ್ತಿದ್ದೇವೆ ಎಂಬುದೇ ಮರೆತಿತ್ತು.

ಮಾರನೆಯ ಬೆಳಿಗ್ಗೆ ಅವಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಚಿಕ್ಕಬೋರಮ್ಮ ಹರಳೆಣ್ಣೆ ಬಿಸಿಮಾಡಿ ತಂದು ಸೊಸೆಯ ಕಾಲು ನೀವುತ್ತ ಪಂದ್ಯದ ಕತೆಯನ್ನೆಲ್ಲ ಕೇಳಿದಳು. ಅಕ್ಷಿತಾಳ ಮಾತು ಬಂದಾಗ ಅವಳ ಕೈ ನಿಂತಿತು. ಯಾರ ಮಗಳು ಅವಳು ಎಂದು ಕೇಳಿದಳು. ಶ್ವೇತಳಿಗೆ ನಾಚಿಕೆಯಾಯಿತು. ಅದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಹಿಂದಿನ ದಿನ ಪಡೆದಿದ್ದ ನಂಬರು ಹುಡುಕಿ ಆಗಲೇ ಮರಿಯಯ್ಯನವರಿಗೆ ಫೋನು ಮಾಡಿದಳು. ಹುಡುಗಿಯ ಅಪ್ಪ ಗಾರೆ ಕೆಲಸದವನು, ತಾಯಿ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ ಎಂದರು.

ಅಷ್ಟರಲ್ಲಿ ಅತ್ತೆ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡಳು. ಅದನ್ನು ಬಾಯಿಗೆ ತೀರ ಹತ್ತಿರ ಹಿಡಿದು, ಹೊಲದ ಆಚೆಯವರಿಗೆ ಹೇಳುವಂತೆ ಗಟ್ಟಿಯಾಗಿ ಮಾತಾಡಿದಳು.

"ಸ್ವಾಮೇರಾ, ನಾನು ಶ್ವೇತನ ಅತ್ತೆ. ನಮ್ ಸೊಸೆಗೆ ಆಟ ಯೋಳ್ಕೊಟ್ರಲ್ಲ, ದೊಡ್ಡ ಉಪ್ಕಾರ ಆಯ್ತು. ಆ ಹುಡ್ಗಿನೂವೆ ಅವ್ರವ್ವನ್ನೂವೆ ಕರ್ಕೊಂಡು ಒಂದ್ಸಲ ನಮ್ಮನೇಗೆ ಬರ್ಬೇಕು. ಊಟ ಮಾಡ್ಕೊಂಡು ಓಗೀರಂತೆ."

ಬರುತ್ತೇವೆ ಎಂದದ್ದಲ್ಲದೆ ಆ ಕಡೆಯಿಂದ ಇನ್ನೇನು ಹೇಳಿದರೋ, ಚಿಕ್ಕಬೋರಮ್ಮ ಆಗಲಿ ಆಗಲಿ ಎಂದು ತಲೆಯಾಡಿಸುತ್ತ ಬಹಳ ಹೊತ್ತು ಕೇಳುತ್ತಲೇ ಇದ್ದಳು.