ಫರಸಿಯ ಮೇಲೆ ಕುಣಿಯುವ ಕೂಸು

ನನ್ನ ಗಂಡ ಶಾಹನವಾಜ ನಿಪ್ಪಾಣಿಯಲ್ಲಿ ಸೌಂಡ್ ಬಾಕ್ಸ್ ಮಾಡುತ್ತಾನೆ. ಮನೆಯ ಬಾಕ್ಸನ್ನಂತೂ ತಾನೇ ಪ್ಲೈವುಡ್ ಕೊಯ್ದು, ಒಳಗೆ ಹತ್ತಿ ತುಂಬಿ, ಎರಡು ತಿಂಗಳು ಕೂತು ಮಾಡಿದ. "ಹಾಡು ಯಾರ ಬಾಕ್ಸಿನಾಗೂ ಕಿವಿಗೆ ಬರ್ತೈತಿ. ಬೇಸಿನ ಗುದ್ದು ಎದಿಗೆ ಬಂದ್ರ ಅದು ಬಾಕ್ಸು," ಎನ್ನುತ್ತಾನೆ. ಅದನ್ನು ನೆಲಕ್ಕೆ ಹಾಸಿದ ಬರಿಯ ಫರಸಿಕಲ್ಲಿನ ಮೇಲೆಯೇ ಇಡಬೇಕು. ಕೆಳಗೆ ಒಂದು ಗೋಣಿತಟ್ಟು ಹಾಸಿದರೂ ಜಗಳ.

ಮಗಳು ನಾಜಿಮಾಗೆ ಎರಡೂವರೆ ವರ್ಷ. ಇನ್ನೂ ಮಾತು ಬಂದಿಲ್ಲ. ಆದರೆ ಬಾಕ್ಸ್ ಹಚ್ಚಿದ ಕೂಡಲೇ, ಬೆನ್ನು ಮಾಡಿ ಕೂತಿದ್ದರೂ ಎದ್ದು ಕುಣಿಯುತ್ತಾಳೆ.

"ನಿನ್ನ ಗಂಡನೂ ಮೂರು ವರ್ಷಕ್ಕ ಬಾಯಿ ಬಿಟ್ಟಾವ," ಎಂದು ನನ್ನ ಅತ್ತೆ ಸಕೀನಾಬಿ ನಗುತ್ತಾರೆ. "ಈಗ ಮುಚ್ಚಸು ನೋಡೋಣ!"

ಅಂಗನವಾಡಿಯ ಟೀಚರ್ ಬಾಯಾರು ಬಂದು ಕೂಸಿಗೆ ಕಿವಿ ಕೇಳುತ್ತವೆಯೇ ಎಂದು ಕೇಳಿದಾಗ ನಾನೇ ಹೇಳಿದ್ದೆ: "ಕೇಳ್ತಾವ್ರಿ, ಹಾಡು ಹಚ್ಚಿದ್ರ ಕುಣೀತಾಳ." ಅವರು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರು. ಅದಕ್ಕೆ ಒಂದು ವರ್ಷವಾಯಿತು.

ಇವತ್ತು ಮುಂಜಾನೆ ಕುಕ್ಕರ್ ಅವಳ ಬೆನ್ನ ಹಿಂದೆಯೇ ಸೀಟಿ ಹೊಡೆಯಿತು. ನಾನು ಬೆಚ್ಚಿದೆ. ಅವಳು ಬೆಚ್ಚಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಬೇಳೆ ಸೀದು ವಾಸನೆ ಬರುವ ತನಕ ನಾನು ಒಲೆ ಆರಿಸದೆ ಮಗಳ ಬೆನ್ನನ್ನೇ ನೋಡುತ್ತ ನಿಂತಿದ್ದೆ.

"ಮಿರಜದ ದವಾಖಾನಿಗೆ ಹೋಗಿ ಕಿವಿ ತೋರಿಸೋಣ," ಎಂದೆ.

"ಹುಚ್ಚು ಹಿಡದೈತೇನ ನಿನಗ, ತಸ್ಲೀಮ?" ಶಾಹನವಾಜ ಬಾಕ್ಸ್ ಹಚ್ಚಿದ. ನಾಜಿಮಾ ಎದ್ದಳು, ಕುಣಿದಳು. "ನೋಡ! ನನ್ನ ಮಗಳ ಕಿವಿ ಇದು."

ನಾನು ಬಾಕ್ಸನ್ನು ಎರಡೂ ಕೈಯಿಂದ ತಬ್ಬಿ ಎತ್ತಿದೆ. ಮಂಚದ ಮೇಲೆ ಮಡಚಿಟ್ಟ ಮೂರು ಗಾದಿಗಳ ಮೇಲೆ ಇಟ್ಟೆ.

"ಏ, ಇಳಸು! ಗಾದಿ ಮ್ಯಾಲ ಬೇಸ್ ಸಾಯ್ತೈತಿ, ಫರಸಿಗೆ ಹತ್ತಬೇಕು ಅದು..."

ಹೇಳುತ್ತ ಹೇಳುತ್ತ ಅವನೇ ನಿಂತುಬಿಟ್ಟ.

ಹಾಡು ಮನೆತುಂಬ ಇತ್ತು. ನಾಜಿಮಾ ಮಾತ್ರ ನಿಂತಿದ್ದಳು. ಯಾರೋ ಏನನ್ನೋ ಕಸಿದುಕೊಂಡಂತೆ ಬಗ್ಗಿ ತನ್ನ ಪಾದ ನೋಡಿಕೊಂಡಳು. ಆಮೇಲೆ ಒಂದು ಕಾಲಿನಿಂದ ಫರಸಿಯನ್ನು ತಟ್ಟಿದಳು.

"ನಿದ್ದಿ ಬಂದಿರಬೇಕು ಕೂಸಿಗೆ," ಎಂದರು ಅತ್ತೆ.

ಶಾಹನವಾಜ ಹಾಡು ಆರಿಸಿ ಮಗಳನ್ನು ಎತ್ತಿಕೊಂಡ. ಅವಳ ಕಿವಿಗೆ ಬಾಯಿ ಹಚ್ಚಿ "ನಾಜಿಮಾ" ಎಂದ. ಅವಳು ಕಿಲಕಿಲ ನಕ್ಕಳು.

"ಕೇಳ್ತು! ಅಮ್ಮೀ, ಕೇಳ್ತು ಆಕಿಗೆ!"

ನಾನು ಹತ್ತಿರ ಹೋಗಿ ಇನ್ನೊಂದು ಕಿವಿಗೆ ಬಾಯಿ ಹಚ್ಚಿದೆ. ಏನೂ ಅನ್ನದೆ ಬರೀ ಊದಿದೆ. ಅವಳು ಹಾಗೆಯೇ ನಕ್ಕಳು.

ಅವನು ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಒಂದು ವರ್ಷದ ಹಿಂದೆ ಅಂಗಳದಲ್ಲಿ ನಿಂತು ಜಂಬದಿಂದ ಹೌದು ಅಂದದ್ದು ನನ್ನದೇ ಬಾಯಿ.

ಅವಳ ಬಟ್ಟೆಯನ್ನು ಚೀಲಕ್ಕೆ ತುಂಬಿ ಚಪ್ಪಲಿ ಮೆಟ್ಟಿದೆ. "ಮಿರಜದ ಬಸ್ ಹೋಗ್ತೈತಿ. ಕೊಡ್ರಿ ಆಕಿನ್ನ."

"ತಡಿ. ಇನ್ನೊಮ್ಮೆ ಕರೀತೀನಿ. ಆಕಿಗೆ ಉಸುರು ತಾಗದಂಗ ಕರೀತೀನಿ, ತಡಿ."

ಅವನು ಮುಖ ಹಿಂದೆ ಸರಿಸಿ, ಅವಳ ಬೆನ್ನಿನ ಕಡೆಯಿಂದ ಕರೆದ. ಮತ್ತೆ ಕರೆದ. ನಾನು ಬಾಗಿಲಲ್ಲಿ ಚೀಲ ಹಿಡಿದು, ಅವಳ ಕತ್ತು ಒಂದಿಷ್ಟು ಹೊರಳಲಿ ಎಂದು ಕಾಯುತ್ತ ನಿಂತೆ. ಬಸ್ ತಪ್ಪಿದರೂ ಚಿಂತೆಯಿಲ್ಲ ಅನ್ನಿಸಿತು.